ತೀರ್ಥಕ್ಕನ ಲೇತು, ನನ್ನ ಮೀಟರು

ಏನು ಕೆಲಸ ಮಾಡ್ತೀಯ ಎಂದು ಯಾರಾದರೂ ಕೇಳಿದರೆ, ಕಬ್ಬಿಣ ಕತ್ತರಿಸುವಾಗ ಎಷ್ಟು ಬಲ ಬೀಳುತ್ತದೆ ಎಂದು ಅಳೆಯುವ ಕೆಲಸ ಎನ್ನುತ್ತೇನೆ. ಕೇಳಿದವರು ಒಂದು ಕ್ಷಣ ನನ್ನ ತೋಳು ನೋಡುತ್ತಾರೆ, ಆಮೇಲೆ ಮಳೆ ಬೆಳೆ ವಿಚಾರಕ್ಕೆ ಹೋಗುತ್ತಾರೆ. ತರೀಕೆರೆ ಹತ್ತಿರದ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್. ಕಾಯಂ ಅಲ್ಲ, ಹನ್ನೊಂದು ತಿಂಗಳಿಗೊಮ್ಮೆ ನನ್ನನ್ನು ಬಿಟ್ಟು ಮತ್ತೆ ಹೊಸದಾಗಿ ಸೇರಿಸಿಕೊಳ್ಳುತ್ತಾರೆ. ಪ್ರತಿಸಲವೂ ನನ್ನ ಅನುಭವ ಸೊನ್ನೆಯಿಂದ ಶುರುವಾಗುತ್ತದೆ. ಅದರಲ್ಲಿ ತೀರಾ ಸುಳ್ಳೇನೂ ಇಲ್ಲ.

ನಮ್ಮ ಲ್ಯಾಬಿನಲ್ಲಿ ಒಂದು ಲೇತು ಇದೆ. ಕಬ್ಬಿಣದ ಸರಳನ್ನು ಕಚ್ಚಿ ಹಿಡಿದು ಗಿರ್ರನೆ ತಿರುಗಿಸುವ ಯಂತ್ರ. ತಿರುಗುವ ಸರಳಿಗೆ ಹರಿತವಾದ ಟೂಲ್ ತಾಗಿಸಿದರೆ ಕಬ್ಬಿಣ ಸುರುಳಿ ಸುರುಳಿಯಾಗಿ ಸುಲಿದು ಬರುತ್ತದೆ. ಸುಲಿಸಿಕೊಳ್ಳುವ ಸರಳು ಸುಮ್ಮನಿರುವುದಿಲ್ಲ. ಟೂಲನ್ನು ಕೆಳಕ್ಕೆ, ಹಿಂದಕ್ಕೆ, ಪಕ್ಕಕ್ಕೆ ತಳ್ಳುತ್ತದೆ. ಆ ಮೂರು ತಳ್ಳಾಟವನ್ನು ಕೆಜಿ ಲೆಕ್ಕದಲ್ಲಿ ಕೆಂಪು ಅಂಕಿಗಳಾಗಿ ತೋರಿಸುವ ಉಪಕರಣವೇ ಡೈನಮೋಮೀಟರ್. ತೋರಿಸಬೇಕು. ನಾನು ಸೇರಿದ ಮೇಲೆ ಮೂರು ವರ್ಷ ಅದು ಏನನ್ನೂ ತೋರಿಸಿರಲಿಲ್ಲ. ವಿದ್ಯಾರ್ಥಿಗಳು ಹಳೆಯ ಬ್ಯಾಚಿನ ರೆಕಾರ್ಡ್ ಪುಸ್ತಕ ನೋಡಿ ಅಂಕಿ ಬರೆಯುತ್ತಿದ್ದರು, ನಾನು ಸಹಿ ಹಾಕುತ್ತಿದ್ದೆ. ಧನುಶ್ರೀ ಎಂಬ ಹುಡುಗಿ ಒಮ್ಮೆ, "ಸಾರ್, ಕಬ್ಬಿಣ ಬದಲಾದ್ರೂ ರೀಡಿಂಗ್ ಬದಲಾಗಲ್ವಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ ಎಂದು ಮೆಚ್ಚಿಕೊಂಡು ನಾನು ಟೀ ಕುಡಿಯಲು ಹೋದೆ.

ಇಷ್ಟು ಹೇಳಿದ್ದು, ಮುಂದೆ ನಾನೇನಾದರೂ ಬುದ್ಧಿವಂತನಂತೆ ಕಂಡರೆ ಅದನ್ನು ನಂಬಬಾರದು ಎಂದು. ನಾನು ಬರೆಯಹೊರಟಿರುವುದು ಕಡೂರಿನ ತೀರ್ಥಮ್ಮನವರ ವಿಷಯ. ನಾನು ಕರೆಯುವುದು ತೀರ್ಥಕ್ಕ ಎಂದು.

ಕಡೂರಿನಿಂದ ಬೀರೂರಿಗೆ ಹೋಗುವ ರಸ್ತೆಯ ಪಕ್ಕ, ಕೊಬ್ಬರಿ ಮಂಡಿಯೊಂದರ ಎದುರಿಗೆ ಅವರ ಅಂಗಡಿ. ತಗಡಿನ ಮಾಡು, ಒಂದು ಲೇತು, ಒಂದು ಡ್ರಿಲ್ಲು, ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಅವರ ಯಜಮಾನರು ಈರಭದ್ರಪ್ಪನವರದು. ಲೇತೂ ಮೊದಲು ಅವರದೇ ಆಗಿತ್ತು. ಹದಿನಾರು ವರ್ಷದ ಹಿಂದೆ ಸರಳನ್ನು ಕಚ್ಚಿ ಹಿಡಿಯುವ ಲೇತಿನ ಚಕ್ಕನ್ನು ಒಬ್ಬರೇ ಎತ್ತಲು ಹೋಗಿ ಸೊಂಟ ಹಿಡಿದು, ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಲಾರದವರಾದರು. ಕೆಲಸಕ್ಕೆ ಕೊಟ್ಟ ಶಾಫ್ಟುಗಳನ್ನು ವಾಪಸ್ ಒಯ್ಯಲು ರೈತರು ಬಂದಾಗ ಬಾಗಿಲಲ್ಲಿದ್ದ ತೀರ್ಥಕ್ಕ, ನಾಲ್ಕು ದಿನ ಬಿಟ್ಟು ಬನ್ನಿ ಎಂದರಂತೆ. ಯಾಕೆ ಹಾಗೆಂದೆನೋ ಆಗ ನನಗೂ ತಿಳಿಯದು ಎಂದು ಈಗಲೂ ಹೇಳುತ್ತಾರೆ. ಶಿವನಿ ಎಂಬ ಊರಿನ ರೈತರ ಮನೆಯ ಮಗಳು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸು. ಗಂಡ ಕುರ್ಚಿಯಲ್ಲಿ ಕೂತು ಹೇಳುವುದು, ಇವರು ನಿಂತು ಮಾಡುವುದು. ನಾಲ್ಕು ದಿನಕ್ಕೆ ಒಂದು ಪಿನ್ನು ಬಂತು, ನಾಲ್ಕು ತಿಂಗಳಿಗೆ ಒಂದು ಶಾಫ್ಟು.

ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಸೆರಗನ್ನು ಅದರೊಳಗೆ ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ಕಾಲರಿನೊಳಗೆ ಇಳಿಬಿಟ್ಟು ಕೆಲಸಕ್ಕೆ ನಿಲ್ಲುತ್ತಿದ್ದರು. ಹೊಸಬರು ಬಂದು ಯಜಮಾನರಿಲ್ಲವೇ ಎಂದರೆ ಒಂದೇ ಉತ್ತರ: "ಅಗೋ, ಕೂತವ್ರೆ. ಕೆಲಸ ಬೇಕಾದ್ರೆ ನನ್ನ ಕೇಳಿ, ಮಾತು ಬೇಕಾದ್ರೆ ಅವರನ್ನ ಕೇಳಿ." ಈರಭದ್ರಪ್ಪನವರು ಅದಕ್ಕೆ ಬೇಸರಪಟ್ಟದ್ದನ್ನು ನಾನು ನೋಡಿಲ್ಲ. ಮಾತು ಬೇಕಾದವರೇ ಜಾಸ್ತಿ ಬರುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಡಿಪ್ಲೊಮಾದಲ್ಲಿ ಎರಡು ವಿಷಯ ಕೈಕೊಟ್ಟ ಮೇಲೆ. ಅವುಗಳಲ್ಲಿ ಒಂದು, ನಾನೀಗ ಹೇಳಿಕೊಡುತ್ತಿರುವ ವಿಷಯವೇ. ಬಸ್ಸಿಗೆ ಕಾಯುತ್ತ ಅವರ ತಗಡಿನ ನೆರಳಿಗೆ ದಿನಾ ನಿಲ್ಲುತ್ತಿದ್ದೆ. ಒಂದು ದಿನ, ನೆರಳಿಗೆ ಬಾಡಿಗೆ ಕೊಡ್ತೀಯೋ, ಒಳಗೆ ಬಂದು ಈ ಸುರುಳಿ ಗುಡಿಸ್ತೀಯೋ ಎಂದು ಕೇಳಿದರು. ಗುಡಿಸಿದೆ. ಎರಡು ವರ್ಷ ಅಲ್ಲೇ ಇದ್ದೆ.

ಅವರು ಕಲಿಸುತ್ತಿದ್ದ ರೀತಿ ಯಾವ ಪುಸ್ತಕದಲ್ಲೂ ಇಲ್ಲ. ಲೇತಿನ ಹ್ಯಾಂಡಲಿನ ಮೇಲೆ ನನ್ನ ಕೈ ಇಡಿಸಿ, ಅದರ ಮೇಲೆ ತಮ್ಮ ಕೈ ಇಟ್ಟು, ಟೂಲನ್ನು ಸರಳಿಗೆ ತಾಗಿಸಿ ಕೇಳುತ್ತಿದ್ದರು: "ಎಷ್ಟು ಕೊಡ?" ಕೊಡವೆಂದರೆ ನೀರಿನ ಕೊಡ. ಮದುವೆಯಾಗಿ ಬಂದ ಹೊಸದರಲ್ಲಿ ಟ್ಯಾಂಕರಿನಿಂದ ಮನೆಗೆ ಕೊಡ ಹೊತ್ತು ಹೊತ್ತು, ಭಾರವೆಂದರೆ ಅವರಿಗೆ ಕೊಡದ ಲೆಕ್ಕವೇ. ಟೂಲು ಮೇಲುಮೇಲೆ ಸವರುವ ಎಳೆಯ ಕಟ್ ಆದರೆ ಒಂದು ಕೊಡ. ಇನ್ನೂ ಸುಲಿಯದ ಕರಿ ಸರಳಿಗೆ ಒಂದು ಮಿಲಿಮೀಟರ್ ಆಳ ಇಳಿದರೆ ಮೂರು ಕೊಡ. ನಾಲ್ಕು ದಾಟಿತೆಂದರೆ ಸರಳು ಬಾಗಲು ಶುರು, ಬಾಗಿದ ಸರಳು ನಡುವೆ ದಪ್ಪ ಉಳಿಯುತ್ತದೆ, ಕೆಲಸ ಕೆಟ್ಟಿತು ಎಂದೇ ಅರ್ಥ. "ಹ್ಯಾಂಡಲ್ ಹಿಡೀಬೇಡ ಕಣೋ ಹೊನ್ನೇಶ, ಅದರ ಮೇಲೆ ಕೈ ಇಡು ಸಾಕು. ಹಿಡ್ಕಂಡ್ರೆ ನಿನ್ ಬಲ ನಿಂಗೆ ಗೊತ್ತಾಗ್ತದೆ, ಕಬ್ಬಿಣದ್ದು ಗೊತ್ತಾಗಲ್ಲ." ಆ ಎರಡು ವರ್ಷದ ಬಲದಲ್ಲೇ ನಾನು ಉಳಿದ ವಿಷಯ ಪಾಸಾದದ್ದು, ಈಗ ತಿನ್ನುತ್ತಿರುವ ಅನ್ನ ಕಂಡದ್ದು. ಇದನ್ನು ಅವರೆದುರು ಹೇಳಿದರೆ, ಪಾಸು ಮಾಡಿದವರ ತಪ್ಪಿಗೆ ನಾನು ಹೊಣೆಯಲ್ಲ ಎನ್ನುತ್ತಾರೆ.

ಕಳೆದ ವರ್ಷ ಒಂದು ಭಾನುವಾರ, ಅಜ್ಜಂಪುರದ ನನ್ನ ಬಾಡಿಗೆ ಕೋಣೆಯಲ್ಲಿ ಮಾಡಲು ಏನೂ ಇಲ್ಲದೆ ಕಡೂರಿಗೆ ಹೋದೆ. ತೀರ್ಥಕ್ಕ ಒಂದು ಪಿನ್ನು ಮಾಡುತ್ತಿದ್ದರು. ಟೂಲಿಗೆ ಸುತ್ತಿಕೊಂಡ ಸುರುಳಿಯನ್ನು ಯಂತ್ರ ನಿಲ್ಲಿಸಿ ಬರಿಗೈಯಲ್ಲಿ ಬಿಡಿಸಿ ಎಸೆದರು. ಸುರುಳಿ ನೀಲಿಯಾಗಿತ್ತು. ನೀಲಿ ಸುರುಳಿಯೆಂದರೆ ಮುಟ್ಟಿದರೆ ಚರ್ಮ ಅಂಟಿಕೊಳ್ಳುವಷ್ಟು ಬಿಸಿ; ಕಡ್ಡಿಯಲ್ಲಿ ತೆಗೆಯಬೇಕೆಂದು ನನಗೆ ಬೈದು ಕಲಿಸಿದವರೇ ಅವರು. ಅವರ ಮುಖದಲ್ಲಿ ಏನೂ ಆಗಲಿಲ್ಲ. ನಾನು ಕೈ ಹಿಡಿದು ನೋಡಿದೆ. ತೋರುಬೆರಳು, ಹೆಬ್ಬೆರಳಿನ ತುದಿಯಲ್ಲಿ ಹಳೆಯ ಬೊಬ್ಬೆಗಳ ಪಕ್ಕದಲ್ಲೇ ಹೊಸದು ಏಳುತ್ತಿತ್ತು.

ಕೈ ಕಿತ್ತುಕೊಂಡು, ಕುರ್ಚಿಯ ಕಡೆ ಕಣ್ಣು ಹಾಯಿಸಿ, ಯಜಮಾನರಿಗೆ ಹೇಳಬೇಡ ಎಂದು ಮೆಲ್ಲಗೆ ಹೇಳಿದರು. ಕುರ್ಚಿಯಿಂದ ಉತ್ತರ ಬಂತು: "ಆರು ತಿಂಗಳಿಂದ ಗೊತ್ತೈತೆ ಬಿಡು ತೀರ್ಥಾ."

ಎಂಟು ವರ್ಷದ ಸಕ್ಕರೆ ಕಾಯಿಲೆ. ಬೆರಳ ತುದಿಯ ನರಗಳು ಸತ್ತಿವೆ. ಹೋದ ಸ್ಪರ್ಶ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ. ಆ ತಿಂಗಳಲ್ಲಿ ಮೂರು ಟೂಲ್ ಮುರಿದಿದ್ದವು, ಎರಡು ಶಾಫ್ಟು ನಡುವೆ ದಪ್ಪ ಉಳಿದು ಕೆಟ್ಟಿದ್ದವು. ಅರಸೀಕೆರೆ ಕಡೆಯ ಕನಕರಾಜು ಎಂಬ ಹಳೆ ಯಂತ್ರದ ವ್ಯಾಪಾರಿಗೆ ಮಾತು ಕೊಟ್ಟಾಗಿತ್ತು. ಹದಿನೈದು ದಿನ ಬಿಟ್ಟು, ಸೋಮವಾರ ಟೆಂಪೋ ತಂದು ಲೇತು ಒಯ್ಯುತ್ತಾನೆ.

"ಕಣ್ ಕಟ್ಕಂಡು ಬಂಡಿ ಓಡಿಸ್ದಂಗೆ ಆಗೈತೆ ಕಣೋ," ಎಂದರು ತೀರ್ಥಕ್ಕ. "ಕೈ ಇಟ್ರೆ ಏನೂ ಹೇಳಾಕಿಲ್ಲ ಅದು. ನಂಜೊತೆ ಮಾತು ಬಿಟ್ಟಂಗೆ. ಜನರ ಕಬ್ಬಿಣ ಕೆಡಿಸಿ ಬೈಸ್ಕಳೋದ್ಕಿಂತ ಮಾರೋದೇ ವಾಸಿ."

ಈರಭದ್ರಪ್ಪನವರು ಮಾತಾಡಲಿಲ್ಲ. ಅವರು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ವಾಪಸ್ ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಕೂತಿದ್ದಾಗ ಹೊಳೆಯಿತು: ಕೈಗೆ ತಿಳಿಯದ್ದನ್ನು ಕಣ್ಣಿಗೆ ತೋರಿಸುವ ಉಪಕರಣಕ್ಕೆ ನಾನೇ ಮೂರು ವರ್ಷದಿಂದ ಕಾವಲು ಕೂತಿದ್ದೇನಲ್ಲ. ಮಾರನೆಯ ದಿನ ಡೈನಮೋಮೀಟರಿನ ಡಬ್ಬಿ ಬಿಚ್ಚಿದೆ. ಒಳಗೆ ಒಂದು ವೈರು ಬಿಟ್ಟುಕೊಂಡಿತ್ತು. ಬೆಸುಗೆ ಹಾಕಲು ಇಪ್ಪತ್ತು ನಿಮಿಷ ಹಿಡಿಯಿತು. ಮೂರು ವರ್ಷಕ್ಕೆ ಇಪ್ಪತ್ತು ನಿಮಿಷ. ಇನ್ನುಳಿದದ್ದು, ಗೊತ್ತಿರುವ ತೂಕಗಳನ್ನು ನೇತುಹಾಕಿ ಅಂಕಿಗಳನ್ನು ಸರಿಮಾಡುವುದು. ಉಪಕರಣದ ಜೊತೆ ಬಂದ ತೂಕದ ಬಟ್ಟುಗಳು ಎಲ್ಲಿ ಹೋದವೋ. ಒಂದು ಮಾತ್ರ ಕ್ಯಾಂಟೀನಿನ ಬಾಗಿಲಿಗೆ ಅಡ್ಡ ಇಟ್ಟದ್ದು ಸಿಕ್ಕಿತು.

ನಮ್ಮ ವಿಭಾಗದ ಮುಖ್ಯಸ್ಥರು ಮೃತ್ಯುಂಜಯ ಸರ್. ಸೆಮಿಸ್ಟರ್ ರಜೆಯಲ್ಲಿ ಒಂದು ವಾರ ಉಪಕರಣವನ್ನು ಕಡೂರಿಗೆ ಒಯ್ಯುತ್ತೇನೆ, ಅಲ್ಲೇ ಸರಿಮಾಡಿ ನಿಜವಾದ ರೀಡಿಂಗ್ ತೆಗೆದು ತರುತ್ತೇನೆ ಎಂದು ಅರ್ಜಿ ಕೊಟ್ಟೆ. ಕಾರಣವನ್ನೂ ಮುಚ್ಚಿಡಲಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೂರು ವರ್ಷಕ್ಕೆ ಒಂದ್ಸಲ ಕೆಲಸ ಮಾಡ್ತೀನಿ ಅಂತ ಬಂದಿದೀಯ. ಬೇಡ ಅನ್ನೋಕೆ ನಾನ್ಯಾರಪ್ಪ." ಸಹಿ ಹಾಕಿದರು. ಮುಂದಿನ ಶನಿವಾರದೊಳಗೆ ವಾಪಸ್ ಇರಬೇಕು ಎಂಬುದೊಂದೇ ಷರತ್ತು. ಆ ಸಹಿಗೆ ನಾನು ಇಂದಿಗೂ ಋಣಿ. ಕಳೆದುಹೋಗಿದ್ದರೆ ನನಗಿಂತ ಮೊದಲು ಅವರ ಕುತ್ತಿಗೆಗೆ ಬರುತ್ತಿತ್ತು.

ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿಸಿದೆ. ಕಂಡಕ್ಟರು ಏನಿದು ಎಂದರು. ಬಲ ಅಳೆಯುವ ಯಂತ್ರ ಎಂದೆ. ಅರ್ಧ ಟಿಕೆಟ್ ಹರಿದು ಕೊಟ್ಟು, ಅದಕ್ಕೆ ಸೀಟು ಸಿಗುವುದಿಲ್ಲ ಎಂದರು.

ಶನಿವಾರ ಬೆಳಿಗ್ಗೆ ತೀರ್ಥಕ್ಕನ ಲೇತಿನ ಮೇಲೆ ಅದನ್ನು ಕೂರಿಸಿದೆ. ತೂಕ ಎಲ್ಲಿ ಎಂದು ಯೋಚಿಸುತ್ತಿದ್ದಾಗ ಅವರೇ ಮನೆಯಿಂದ ಮೂರು ಪ್ಲಾಸ್ಟಿಕ್ ಕೊಡ ತಂದಿಟ್ಟರು. ತುಂಬಿಸಿ, ಎದುರಿನ ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಂದೊಂದನ್ನೇ ಇಟ್ಟು ನೋಡಿದೆವು: ಒಂದಕ್ಕೆ ಹದಿನೈದು ಕಾಲು ಕೆಜಿ. ಮಂಡಿಯ ಹಮಾಲರು ಕೊಬ್ಬರಿ ಮೂಟೆ ಬಿಟ್ಟು ರಸ್ತೆ ದಾಟಿ ಬಂದರು. ಟೂಲಿನ ತುದಿಗೆ ಹಗ್ಗ ಕಟ್ಟಿ, ಒಂದು ಕೊಡ ನೇತುಹಾಕಿ, ತಿರುಪು ತಿರುಗಿಸಿ ಅಂಕಿಯನ್ನು ಹದಿನೈದಕ್ಕೆ ತಂದೆ. ಎರಡನೆಯ ಕೊಡಕ್ಕೆ ಮೂವತ್ತು ಬಂತು. ಮೂರಕ್ಕೆ ನಲವತ್ತಾರು. ಅಷ್ಟರಲ್ಲಿ ನನ್ನ ಪ್ಯಾಂಟಿನ ಮೇಲೆ ಅರ್ಧ ಕೊಡ ನೀರು ಬಿದ್ದಿತ್ತು. ಅದನ್ನು ಕಳೆದು ಲೆಕ್ಕ ಹಾಕು ಎಂದು ಈರಭದ್ರಪ್ಪನವರು ಸಲಹೆ ಕೊಟ್ಟರು. ಅವರಿಗೆ ಮಾತು ವಾಪಸ್ ಬಂದಿತ್ತು.

ಆಮೇಲೆ ಕರಿ ಸರಳು ಹಾಕಿ, ಒಂದು ಮಿಲಿಮೀಟರ್ ಆಳ ಇಳಿಸಿ, ಲೇತು ಬಿಟ್ಟೆ. ಸುರುಳಿ ಬರತೊಡಗಿತು. ಅಂಕಿ ಏರಿತು, ಅಲ್ಲಾಡಿತು, ನಿಂತಿತು. ನಲವತ್ತೇಳು.

ಮೂರು ಕೊಡ.

ಬರಿಗೈಯನ್ನು ಹ್ಯಾಂಡಲಿನ ಮೇಲಿಟ್ಟು, ಗಣಿತ ನಪಾಸಾದ ಹೆಂಗಸು ಎಷ್ಟೋ ವರ್ಷದ ಹಿಂದೆ ಹೇಳಿದ್ದ ಅಳತೆ. ಹ್ಯಾಂಡಲಿಗೆ ಬರುವ ಬಲ ಬೇರೆ, ಟೂಲಿನ ಮೇಲೆ ಕೆಳಮುಖವಾಗಿ ಬೀಳುವ ಬಲ ಬೇರೆ. ಒಂದರಿಂದ ಇನ್ನೊಂದನ್ನು ಅವರು ಹೇಗೆ ಊಹಿಸಿದರು ಎಂದು ನನಗೆ ತಿಳಿದಿಲ್ಲ. ಆಕಸ್ಮಿಕವಿರಬಹುದು ಎಂದುಕೊಂಡು ಅವರು ಎರಡು ಕೊಡ ಎನ್ನುತ್ತಿದ್ದ ಕಟ್ಟನ್ನೂ ನೋಡಿದೆ. ಮೂವತ್ತಮೂರು ಬಂತು. ಈರಭದ್ರಪ್ಪನವರು ಕುರ್ಚಿಯಿಂದ ಎದ್ದು ನಿಂತು ಅಂಕಿ ನೋಡಿದರು. ತೀರ್ಥಕ್ಕ ಹೇಳಿದ್ದು ಇಷ್ಟೇ: "ಸದ್ಯ, ನಿಂಗೆ ಸುಳ್ಳು ಹೇಳಿಕೊಟ್ಟಿರ್ಲಿಲ್ಲ."

ಆ ವಾರ ಅವರು ಗುಜರಿ ಸರಳುಗಳ ಮೇಲೆ ಕೈ ಪಳಗಿಸಿಕೊಂಡರು. ಕೈ ಎನ್ನುವುದಕ್ಕಿಂತ ಕಣ್ಣು. ಕೆಂಪು ಅಂಕಿ ಅರವತ್ತಾದರೆ ಆಳ ಕಡಿಮೆ ಮಾಡುವುದು, ನಲವತ್ತಾದರೆ ಹೆಚ್ಚಿಸುವುದು. ಮಂಗಳವಾರಕ್ಕೆ ನಡು ದಪ್ಪವಿಲ್ಲದ ಸರಳು ಬಂತು. ಬುಧವಾರ ಶಿವನಿಯಿಂದ ಹಾಲೇಶ್ ಎಂಬ ರೈತರು ಬಂದರು. ಅವರ ಅಡಿಕೆ ಸುಲಿಯುವ ಯಂತ್ರದ ಶಾಫ್ಟು ಸವೆದುಹೋಗಿತ್ತು. ಎರಡಡಿ ಉದ್ದದ ಹೊಸ ಶಾಫ್ಟು ಸೋಮವಾರಕ್ಕೆ ಬೇಕಿತ್ತು. ತೀರ್ಥಕ್ಕ ಒಪ್ಪಿಕೊಂಡರು. ಹಾಲೇಶ್ ಹೋಗಲಿ ಎಂದು ಕಾದು, ಗಂಡನಿಗೂ ನನಗೂ ಕೇಳುವ ಹಾಗೆ ಹೇಳಿದರು: ಈ ಶಾಫ್ಟು ಸರಿ ಬಂದರೆ ಲೇತು ಉಳಿಯುತ್ತದೆ, ಕೆಟ್ಟರೆ ಕನಕರಾಜು ಒಯ್ಯಲಿ.

ಹಾಲೇಶ್ ಹೋಗಿರಲಿಲ್ಲ. ಬಾಗಿಲಾಚೆ ಬೀಡಿ ಹಚ್ಚುತ್ತ ನಿಂತವರು ಒಳಗೆ ಬಂದು, ಆ ಕೆಂಪು ಅಂಕಿ ಏನೆಂದು ಕೇಳಿದರು. ನಾನು ಕಾಲು ಗಂಟೆ ವಿವರಿಸಿದೆ. ಕ್ಲಾಸಿನಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ವಿವರಿಸಿಲ್ಲ. ಎಲ್ಲ ಕೇಳಿ, "ಶನಿವಾರ ಇದು ವಾಪಸ್ ಹೋದ್ಮೇಲೆ?" ಎಂದರು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ ಎಂದರೆ ನಂಬಬೇಕು. ಶಾಫ್ಟಿನ ಹೊಸ ಸರಳು ಬರುವುದೇ ಭಾನುವಾರ.

"ಅಲ್ಲ ಕಣ್ರೀ ಇಂಜಿನಿಯರ್ರೇ," ಎಂದರು ಹಾಲೇಶ್, "ನನ್ ಬೋರ್‌ನಾಗೆ ನೀರೈತೋ ಇಲ್ವೋ ಅಂತ ನಾನೇನು ಒಳಗೆ ಇಳಿದು ನೋಡ್ತೀನಾ? ಆಂಪ್ಸ್ ಮೀಟರ್ ನೋಡ್ತೀನಿ. ನೀರು ಎತ್ತೋವಾಗ ಮೋಟ್ರಿಗೆ ಭಾರ, ಮುಳ್ಳು ಏಳ್ತದೆ. ಖಾಲಿ ತಿರುಗಿದ್ರೆ ಇಳೀತದೆ. ಈ ಲೇತಿಗೂ ಇರೋದು ಮೋಟ್ರೇ ಅಲ್ವಾ?"

ನಾನು ಹೇಳಿಕೊಡುವ ಪಠ್ಯದಲ್ಲೇ ಇದು ಎರಡು ಸಾಲು ಇದೆ. ಮೋಟಾರು ಎಳೆದುಕೊಳ್ಳುವ ಕರೆಂಟಿನಿಂದಲೂ ಕತ್ತರಿಸುವ ಬಲವನ್ನು ಅಂದಾಜು ಮಾಡಬಹುದು ಎಂದು. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟುಬಿಡುತ್ತೇನೆ.

ಮಾರನೆಯ ಬೆಳಿಗ್ಗೆ ಆರಕ್ಕೇ ಹಾಲೇಶ್ ತಮ್ಮ ಮನೆ ಹಿಂದಿನ ಬತ್ತಿದ ಬೋರ್‌ವೆಲ್ಲಿನ ಪ್ಯಾನಲ್ ಬೋರ್ಡನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು ಇಳಿಸಿ, ಹೊಲಕ್ಕೆ ಆಳು ಬಂದವ್ರೆ ಎಂದು ಹಾಗೇ ಹಿಂದಿರುಗಿದರು. ಅದರಲ್ಲಿ ಎರಡು ಮೀಟರ್: ಒಂದು ಆಂಪ್ಸ್, ಒಂದು ವೋಲ್ಟ್. ವೋಲ್ಟ್ ಮೀಟರಿನ ಗಾಜು ಒಡೆದು ಮುಳ್ಳು ಸಿಕ್ಕಿಕೊಂಡಿತ್ತು. ಬೇಡದ ವಸ್ತು ಎಂದು ಕಿತ್ತು ಮೂಲೆಗೆಸೆದು, ಆಂಪ್ಸ್ ಮೀಟರನ್ನು ಲೇತಿನ ಮೋಟಾರಿಗೆ ಜೋಡಿಸಿದೆ. ಗುರುವಾರ, ಶುಕ್ರವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಡೈನಮೋಮೀಟರಿನ ಅಂಕಿಯನ್ನೂ ಆಂಪ್ಸ್ ಮುಳ್ಳನ್ನೂ ಒಟ್ಟಿಗೆ ನೋಡುತ್ತ ಪಟ್ಟಿ ಮಾಡಿದೆ. ಲೇತು ಒಂದೇ ವೇಗದಲ್ಲಿ ತಿರುಗುವಾಗ, ಖಾಲಿಗೆ ಆರು ಆಂಪ್ಸ್. ಒಂದು ಕೊಡಕ್ಕೆ ಏಳು, ಎರಡಕ್ಕೆ ಎಂಟು, ಮೂರಕ್ಕೆ ಒಂಬತ್ತು. ಇಷ್ಟು ಅಚ್ಚುಕಟ್ಟಾಗಿ ಬಂದದ್ದಕ್ಕೆ ನನಗೇ ಗುಮಾನಿ ಬರಬೇಕಿತ್ತು, ಬರಲಿಲ್ಲ. ಹತ್ತರ ಮೇಲೆ ತೀರ್ಥಕ್ಕನ ಕುಂಕುಮದಲ್ಲಿ ಒಂದು ಗೆರೆ ಎಳೆದೆ: ಇದನ್ನು ದಾಟಬಾರದು. ಶನಿವಾರ ಡೈನಮೋಮೀಟರನ್ನು ಮೃತ್ಯುಂಜಯ ಸರ್‌ಗೆ ಒಪ್ಪಿಸಿ ಬಂದೆ. ಅವರು ನನ್ನ ಪಟ್ಟಿ ನೋಡಿ ಹುಬ್ಬೇರಿಸಿ, ನಿನ್ನ ಕೈಬರಹವೇ ತಾನೇ ಎಂದರು.

ಭಾನುವಾರ ಬೆಳಿಗ್ಗೆ ಸರಳು ಬಂತು, ಕರೆಂಟು ಹೋಯಿತು. ಲೈನ್ ಕೆಲಸವಂತೆ. ಮಧ್ಯಾಹ್ನ ಒಂದೂವರೆಗೆ ಬಂತು. ಬೆಳಗಿನಿಂದ ಕಾದಿದ್ದ ಸುತ್ತಲಿನ ತೋಟದ ಮೋಟಾರುಗಳು, ಹಿಟ್ಟಿನ ಗಿರಣಿ, ಎಲ್ಲ ಒಟ್ಟಿಗೇ ಶುರುವಾದವು. ತೀರ್ಥಕ್ಕ ಶಾಫ್ಟು ಹಾಕಿ, ಒಂದು ಮಿಲಿಮೀಟರ್ ಆಳಕ್ಕೆ ಟೂಲ್ ತಾಗಿಸಿದರು. ಮುಳ್ಳು ಸರ್ರನೆ ಹನ್ನೊಂದಕ್ಕೆ ಹೋಯಿತು. ಆಳ ಕಡಿಮೆ ಮಾಡಿದರು. ಹತ್ತೂವರೆ. ಇನ್ನೂ ಕಡಿಮೆ ಮಾಡಿದರು. ಆಗಲೂ ಗೆರೆಯ ಹತ್ತಿರವೇ.

"ಮುಳ್ಳು ಜಾಸ್ತಿ ಅಂತದೆ," ಎಂದರು. "ಕಿವಿಗೆ ಹಂಗೆ ಕೇಳ್ತಿಲ್ಲ ಕಣೋ. ಎರಡು ಕೊಡದ ಸದ್ದು ಇದು."

ಆಗ ನಾನು, ಈ ಬರಹದಲ್ಲಿ ಬರೆಯಲು ನಾಚಿಕೆಯಾಗುವ ಒಂದೇ ಮಾತು ಹೇಳಿದೆ. "ಕಿವಿ ನಂಬಬೇಡಿ ಅಕ್ಕ. ಮೀಟರ್ ನೋಡಿ."

ಅವರು ನನ್ನ ಮಾತು ಕೇಳಿದರು. ಕಟ್ಟು ತೆಳುವಾಗುತ್ತ ತೆಳುವಾಗುತ್ತ ಟೂಲು ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗಿತು. ಸುರುಳಿಯ ಬದಲು ಪುಡಿ ಉದುರಿತು. ಒಂದು ಗಂಟೆಯಲ್ಲಿ ಶಾಫ್ಟಿನ ಮೈ ತುರಿಮಣೆಯಂತೆ ತರಿತರಿಯಾಯಿತು. ತೆಗೆಯಬೇಕಾದ ಕಬ್ಬಿಣ ಇನ್ನೂ ಬೇಕಾದಷ್ಟು ಉಳಿದಿದ್ದರಿಂದ ಸರಳೇನೂ ಕೆಟ್ಟಿರಲಿಲ್ಲ. ಕೆಟ್ಟದ್ದು ಅವರ ಮುಖ. ಲೇತು ಆರಿಸಿ, ಅಂಗಿಯ ಗುಂಡಿ ಬಿಚ್ಚತೊಡಗಿದರು.

"ಕೈನೂ ಹೋಯ್ತು, ಕಿವಿನೂ ಹೋಯ್ತು. ನಾಳೆ ಬರ್ಲಿ ಬಿಡು ಕನಕರಾಜು."

ಶಾಫ್ಟು ಆಗಲಿಲ್ಲ ಎಂದು ತಿಳಿಸಲು ಈರಭದ್ರಪ್ಪನವರು ಹಾಲೇಶ್‌ಗೆ ಫೋನ್ ಮಾಡಿದರು. ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ. ಹಾಲೇಶ್ ಬೈಯಲಿಲ್ಲ. ಮುಳ್ಳು ಎಲ್ಲಿತ್ತು ಎಂದು ಕೇಳಿದರು, ಆಮೇಲೆ ವೋಲ್ಟ್ ಎಷ್ಟಿತ್ತು ಎಂದು ಕೇಳಿದರು.

"ವೋಲ್ಟ್ ಮೀಟರ್ ಕಿತ್ತಾಕವ್ರೆ ನಮ್ ಇಂಜಿನಿಯರ್ರು," ಎಂದರು ಈರಭದ್ರಪ್ಪ.

ಆ ಕಡೆಯಿಂದ ಹಾಲೇಶರ ದನಿ ಬಂತು: "ವೋಲ್ಟ್ ನೋಡ್ದೆ ಆಂಪ್ಸ್ ನೋಡೋನು ನಮ್ಮೂರಾಗೆ ಮೋಟ್ರು ಸುಟ್ಕಂತಾನೆ ಕಣಣ್ಣ. ಎಲ್ರೂ ಮೋಟ್ರು ಹಾಕ್ದಾಗ ವೋಲ್ಟ್ ಬಿದ್ದೋಗ್ತದೆ. ವೋಲ್ಟ್ ಬಿದ್ರೆ ಅದೇ ಕೆಲಸಕ್ಕೆ ಆಂಪ್ಸ್ ಜಾಸ್ತಿ ಎಳೀತದೆ. ಅಷ್ಟೂ ಗೊತ್ತಿಲ್ವಾ ಅವರಿಗೆ?"

ತಲೆಯೆತ್ತಿ ನೋಡಿದೆ. ನಿಧಾನವಾಗಿ ತಿರುಗುತ್ತಿದ್ದ ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಿತ್ತು. ನಾನು ಪಟ್ಟಿ ಮಾಡಿದ್ದು ಎರಡು ದಿನವೂ ಬೆಳಿಗ್ಗೆ, ಕರೆಂಟು ಗಟ್ಟಿಯಾಗಿದ್ದ ಹೊತ್ತಿನಲ್ಲಿ. ಇದೇ ಸೀಮೆಯಲ್ಲಿ ಹುಟ್ಟಿ, ಸಂಜೆ ಹೊತ್ತು ಬಲ್ಬು ಮಂಕಾಗುವುದನ್ನು ನೋಡುತ್ತಲೇ ಬೆಳೆದವನಿಗೆ, ಕಾಲೇಜಿನ ಸ್ಟೆಬಿಲೈಸರ್ ಹಿಂದೆ ಮೂರು ವರ್ಷ ಕೂತು ಅದು ಮರೆತೇಹೋಗಿತ್ತು.

ತೀರ್ಥಕ್ಕ ಆಗಲೇ ಬಾಗಿಲ ಹತ್ತಿರ ಹೋಗಿದ್ದರು. ನಾನು ಹೇಳಿದೆ: "ಅಕ್ಕ, ನಿಮ್ಮ ಕಿವಿ ಸರಿ ಇತ್ತು. ಅದು ಎರಡು ಕೊಡವೇ. ತಪ್ಪಿದ್ದು ಮುಳ್ಳು. ಮುಳ್ಳೂ ಅಲ್ಲ, ನಾನು."

ಅವರು ತಿರುಗಿ ನಿಂತರು. "ಕಿವಿ ಸರಿ ಇತ್ತಾ?"

"ಸರಿ ಇತ್ತು."

"ಇನ್ನೊಂದ್ಸಲ ಹೇಳು."

ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಬೇಕಿತ್ತು ಕೂಡ. ಅವರು ಒಳಗೆ ಬಂದು, ಆರಿಸಿದ್ದ ಲೇತಿನ ಮೇಲೆ ಕೈ ಊರಿ ನಿಂತರು. ಬೆರಳ ಜೊತೆಗೆ ಎಲ್ಲವೂ ಹೋಯಿತೆಂದು ಆರು ತಿಂಗಳಿಂದ ಅಂದುಕೊಂಡಿದ್ದವರು. ಸದ್ದಿಗೆ ಅಷ್ಟು ಬೆಲೆಯಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ಕೈ ಹೇಳುತ್ತಿದ್ದಾಗ ಕಿವಿಯನ್ನು ಕೇಳುವ ಅಗತ್ಯವೇ ಬಿದ್ದಿರಲಿಲ್ಲವಲ್ಲ. "ಬೆಳಿಗ್ಗೆ ಆರಕ್ಕೆ ಬಾ," ಎಂದರು. "ಬರ್ತಾ ಒಂದು ವೋಲ್ಟ್ ಮೀಟರ್ ತಗೊಂಡ್ ಬಾ. ನಿನ್ ದುಡ್ಡಲ್ಲಿ."

ಆ ರಾತ್ರಿ ನಾನು ಅಜ್ಜಂಪುರಕ್ಕೆ ಹೋಗದೆ ಕಡೂರಿನ ಗೆಳೆಯನ ಮನೆಯಲ್ಲಿ ಮಲಗಿ, ಬೆಳಿಗ್ಗೆ ಎಲೆಕ್ಟ್ರಿಷಿಯನ್ ಒಬ್ಬನನ್ನು ಎಬ್ಬಿಸಿ ಮೀಟರ್ ತಂದು ಕೂರಿಸಿದೆ. ಇನ್ನೂರಿಪ್ಪತ್ತೆಂಟು ವೋಲ್ಟ್. ತೀರ್ಥಕ್ಕ ಅಂಗಿ ತೊಟ್ಟು, ಜಡೆ ಒಳಗೆ ಬಿಟ್ಟು, ಟೂಲಿಗೆ ಹೊಸದಾಗಿ ಸಾಣೆ ಹಿಡಿದರು. ಮೊದಲು ವೋಲ್ಟ್ ನೋಡಿದರು, ಆಮೇಲೆ ಕಟ್ಟು ಕೊಟ್ಟರು. ಮುಳ್ಳು ಒಂಬತ್ತಕ್ಕೆ ಬಂದು ನಿಂತಿತು. ಅವರು ತಲೆಯನ್ನು ಸ್ವಲ್ಪ ಓರೆ ಮಾಡಿದ್ದರು, ಪಕ್ಕದ ಮನೆಯ ಮಾತು ಕೇಳಿಸಿಕೊಳ್ಳುವವರ ಹಾಗೆ. ತರಿತರಿ ಮೈ ಒಂದೇ ಸಾಲಿಗೆ ಸುಲಿದು ಹೋಗಿ, ಒಳಗಿನಿಂದ ಬೆಳ್ಳಿಯಂಥ ಕಬ್ಬಿಣ ಬಂತು. ಒಂಬತ್ತು ಗಂಟೆ ಹೊತ್ತಿಗೆ ವೋಲ್ಟ್ ಇನ್ನೂರೈದಕ್ಕೆ ಇಳಿದು ಆಂಪ್ಸ್ ಏರಿತು. ನಾನು ಬಾಯಿ ತೆರೆಯುವುದರೊಳಗೆ ಅವರು, "ನಂಗ್ ಕೇಳಿಸ್ತೈತೆ, ನೀನು ಸುಮ್ಕಿರು," ಎಂದು ಅದೇ ಕಟ್ಟಿನಲ್ಲಿ ಮುಂದುವರಿದರು.

ಹತ್ತಕ್ಕೆ ಕನಕರಾಜು ಬಂದರು. ಟೆಂಪೋ, ಇಬ್ಬರು ಆಳು, ಸರಪಳಿ. ಒಳಗೆ ಕಾಲಿಟ್ಟವರು ಲೇತು ಓಡುತ್ತಿರುವುದನ್ನು ನೋಡಿ ನಿಂತರು. ತೀರ್ಥಕ್ಕ ತಿರುಗಿ ನೋಡಲಿಲ್ಲ. ಕೊನೆಯ ಕಟ್ಟು, ಎಳೆಯದು. ಈರಭದ್ರಪ್ಪನವರು ತಮ್ಮ ಕುರ್ಚಿಯನ್ನೇ ಕನಕರಾಜುಗೆ ಕೊಟ್ಟು, ಮಾತು ಬೇಕಾದರೆ ಆಮೇಲೆ ಆಡೋಣ, ಈಗ ಅವಳು ಕೇಳಿಸಿಕೊಳ್ತಾ ಇದ್ದಾಳೆ ಎಂದರು.

ಯಂತ್ರ ನಿಂತಿತು. ದಪ್ಪ ಅಳೆಯುವ ಮೈಕ್ರೋಮೀಟರ್ ನಾನು ಹಿಡಿಯಲೇ ಎಂದೆ. ಬೇಡ ಎಂದು ತೀರ್ಥಕ್ಕ ತಾವೇ ತೆಗೆದುಕೊಂಡರು. ಅದರ ತಿರುಪು ಬಿಗಿಯಾದಾಗ ಕಟಕಟ ಎನ್ನುತ್ತದೆ. ಬೆರಳಿಗೆ ತಿಳಿಯದಿದ್ದರೂ ಕಿವಿಗೆ ತಿಳಿಯುತ್ತದೆ. ಎಡದ ತುದಿ ನೋಡಿದರು. ಬಲದ ತುದಿ. ಕೊನೆಗೆ ನಡು, ಎರಡು ಸಲ. ಆಮೇಲೆ ಮೈಕ್ರೋಮೀಟರನ್ನು ನನ್ನ ಕೈಗೆ ಕೊಟ್ಟರು. ತುದಿಗೂ ನಡುವಿಗೂ ಇದ್ದ ವ್ಯತ್ಯಾಸ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗ. ನಾನು ಅದನ್ನು ಜೋರಾಗಿ ಓದಿದೆ. ನನ್ನ ದನಿ ಸ್ವಲ್ಪ ಒಡೆಯಿತು. ಕನಕರಾಜು ಅವರ ಆಳುಗಳು ನಕ್ಕರು.

ತೀರ್ಥಕ್ಕ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಹೇಳಿದರು: "ನಿಮ್ಮನ್ನ ಸುಮ್ನೆ ಅಲ್ಲಿಂದ ಬರಿಸ್ದಂಗಾಯ್ತು. ಟೀ ಕುಡ್ಕಂಡ್ ಹೋಗಿ. ಇದನ್ನ ಮಾರಾಕಿಲ್ಲ."

ಕನಕರಾಜು ಶಾಫ್ಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೈ ನೋಡಿದರು. ಟೀ ಕುಡಿದರು. ಆಮೇಲೆ ಟೆಂಪೋಗೆ ಹೋಗಿ ಸೀಟಿನ ಕೆಳಗಿನಿಂದ ಸವೆದ ಪಿನ್ನೊಂದನ್ನು ತಂದು, ಹೇಗೂ ಇಷ್ಟು ದೂರ ಬಂದಿದೀನಿ, ಇದೊಂದು ಮಾಡ್ಕೊಡಿ ಅಕ್ಕ ಎಂದರು.

ತೀರ್ಥಕ್ಕ ಪಿನ್ನಿನ ಅಳತೆ ತೆಗೆದುಕೊಂಡು, ಗುಜರಿಯಲ್ಲಿ ಸರಳು ಹುಡುಕಿ, ಚಕ್ಕಿಗೆ ಕಚ್ಚಿಸಿದರು. ವೋಲ್ಟ್ ನೋಡಿದರು. ಲೇತು ಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ, ಏನಾದರೂ ಕೇಳುತ್ತಾರೇನೋ ಎಂದು. ಕಾಲೇಜಿಗೆ ಹೊತ್ತಾಗಿತ್ತು, ಆದರೂ ನಿಂತಿದ್ದೆ. ಸುರುಳಿ ಬರಲು ಶುರುವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ತಲೆಯೆತ್ತಿದರು.

"ಲೇ ಹೊನ್ನೇಶ, ಬೆಳಕಿಗೆ ಅಡ್ಡ ನಿಂತಿದೀಯ. ಆಕಡೆ ಸರಿ."

ಸರಿದು ನಿಂತೆ.